ಮಗ ಓದುವ ಕಾಲೇಜು ತಾಯಿಗೇ ಅಂಕ ಹೇಳುವುದಿಲ್ಲ ಎನ್ನುತ್ತಿದೆ: ಏನು ಮಾಡಲಿ?

ಗಣಿತದ ಟೀಚರ್, ದಾವಣಗೆರೆ

ನಾನು ದಾವಣಗೆರೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ನಮ್ಮ ಮನೆಯವರು ಕೆಲಸದ ಮೇಲೆ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದಾರೆ. ಅತ್ತೆ ಹಾಸಿಗೆ ಹಿಡಿದು ಮೂರು ವರ್ಷವಾಯಿತು, ನನ್ನ ನೌಕರಿಯೂ ಇಲ್ಲೇ, ಹಾಗಾಗಿ ನಾನು ನಿಟುವಳ್ಳಿಯ ಮನೆಯಲ್ಲೇ ಉಳಿದೆ. ಮಗ ಎಂಟನೇ ತರಗತಿ ಮುಗಿಸಿ ಅಪ್ಪನ ಜೊತೆ ಹೋದ. ಈಗ ಅವನಿಗೆ ಹದಿನಾರು ವರ್ಷ, ಅಲ್ಲಿ ಹನ್ನೊಂದನೇ ತರಗತಿಯಲ್ಲಿದ್ದಾನೆ.

ಅಲ್ಲಿ ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಾಲೇಜಿನ ವಿಷಯಗಳನ್ನು ಓದಲು ಅವಕಾಶವಿದೆ. ಓಹಾಯೋದಲ್ಲಿ ಇದಕ್ಕೆ ‘ಕಾಲೇಜ್ ಕ್ರೆಡಿಟ್ ಪ್ಲಸ್’ ಎಂದು ಹೆಸರು. ಏಳರಿಂದ ಹನ್ನೆರಡನೇ ತರಗತಿಯವರೆಗಿನ ಮಕ್ಕಳು ಸೇರಬಹುದು. ಸರ್ಕಾರಿ ಶಾಲೆಯ ಮಕ್ಕಳು ಸರ್ಕಾರಿ ಕಾಲೇಜಿಗೆ ಹೋದರೆ ಬೋಧನಾ ಶುಲ್ಕ ಕಟ್ಟಬೇಕಿಲ್ಲ. ಬಂದ ಅಂಕ ಮಾತ್ರ ಹೈಸ್ಕೂಲಿನ ದಾಖಲೆಗೂ ಕಾಲೇಜಿನ ದಾಖಲೆಗೂ ಎರಡಕ್ಕೂ ಸೇರುತ್ತದೆ, ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೂ ಅದನ್ನು ತೋರಿಸಲೇಬೇಕು. ನಪಾಸಾದರೆ ಆ ವಿಷಯಕ್ಕೆ ಆದ ಖರ್ಚನ್ನು ಶಾಲಾ ಜಿಲ್ಲೆಯವರು, ಅಂದರೆ ಅಲ್ಲಿಯ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದವರು, ಮನೆಯವರಿಂದ ವಸೂಲು ಮಾಡಬಹುದು. ಮಗ ಈ ಸೆಮಿಸ್ಟರಿನಲ್ಲಿ ಕ್ಯಾಲ್ಕುಲಸ್ ಮತ್ತು ಇಂಗ್ಲಿಷ್ ಪ್ರಬಂಧ ರಚನೆ ಎಂಬ ಎರಡು ವಿಷಯ ತೆಗೆದುಕೊಂಡಿದ್ದಾನೆ.

ಬೆಳಿಗ್ಗೆ ಆರಕ್ಕೆ ಹಾಲು ಒಲೆಯ ಮೇಲಿಟ್ಟು ಅವನಿಗೆ ಕರೆ ಮಾಡುತ್ತೇನೆ. ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಎಂಟೂವರೆ. ಮೊದಲೆಲ್ಲ ಮೊಬೈಲನ್ನು ಮುಖದ ಎದುರಿಗೇ ಹಿಡಿದು ಮಾತನಾಡುತ್ತಿದ್ದ. ಈಗ ಮೂರು ವಾರದಿಂದ ಪುಸ್ತಕಕ್ಕೆ ಒರಗಿಸಿ ಎಲ್ಲೋ ಪಕ್ಕಕ್ಕೆ ಇಟ್ಟುಬಿಡುತ್ತಾನೆ. ನನಗೆ ಕಾಣುವುದು ಬಿಳಿ ಗೋಡೆ ಮತ್ತು ಅವನ ಒಂದು ಕಿವಿ. ಕಾಲೇಜು ಹೇಗೆ ನಡೆದಿದೆ ಎಂದರೆ “ಚೆನ್ನಾಗಿದೆ ಅಮ್ಮ”. ಪರೀಕ್ಷೆ ಆಯಿತೇ ಎಂದರೆ “ಆಯಿತು”. ಎಷ್ಟು ಬಂತು ಎಂದರೆ “ಇನ್ನೂ ಕೊಟ್ಟಿಲ್ಲ”. ಮೂರು ವಾರದಿಂದಲೂ ಕೊಟ್ಟಿಲ್ಲ.

ನಾನೇ ಕಾಲೇಜಿಗೆ ಇಮೇಲ್ ಬರೆದೆ. ತಾಯಿ ಎಂದು ಹೇಳಿದೆ, ನಾನೂ ಶಿಕ್ಷಕಿ ಎಂದು ಹೇಳಿದೆ, ಮಗನ ಹೆಸರು, ಜನ್ಮದಿನಾಂಕ ಎಲ್ಲ ಕೊಟ್ಟೆ. ಮರುದಿನ ನಾಲ್ಕು ಸಾಲಿನ ಉತ್ತರ ಬಂತು. ದಾಖಲೆ ವಿದ್ಯಾರ್ಥಿಯದು, ಅವರ ಲಿಖಿತ ಒಪ್ಪಿಗೆಯಿಲ್ಲದೆ ಯಾರ ಜೊತೆಗೂ ಚರ್ಚಿಸಲಾಗದು, ನಮಸ್ಕಾರ. ‘ಯಾರ ಜೊತೆಗೂ’ ಎಂಬ ಪದದಲ್ಲಿ ನಾನೂ ಸೇರಿದ್ದೇನೆ ಎಂಬುದು ಎರಡನೇ ಬಾರಿ ಓದಿದಾಗ ತಿಳಿಯಿತು.

ಹತ್ತೊಂಬತ್ತು ವರ್ಷದಿಂದ ನಾನು ಮಕ್ಕಳ ಪ್ರಗತಿ ಪತ್ರಕ್ಕೆ ಪೋಷಕರ ಸಹಿ ಮಾಡಿಸಿಕೊಂಡು ಬನ್ನಿ ಎಂದು ಕಳುಹಿಸುತ್ತಿದ್ದೇನೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬರ ಮಗಳು ನನ್ನ ತರಗತಿಯಲ್ಲಿದ್ದಳು. ಅವಳ ಪತ್ರದಲ್ಲಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು, ಅದರ ಸುತ್ತ ಇನ್ನೂ ನಾಲ್ಕು ಬೆರಳಿನ ಮಸಿ. ಭಟ್ಟಿಯ ಮುಂದೆಯೇ ನಿಂತು ಒತ್ತಿಸಿಕೊಂಡು ಬಂದಿದ್ದಳು. ಆ ಕಾಗದವನ್ನು ಕಚೇರಿಯಲ್ಲಿ ಕೊಳೆಯಾಗಿದೆ ಎಂದು ವಾಪಸ್ ಕೊಟ್ಟಾಗ ನಾನು ಜಗಳವಾಡಿ ಫೈಲಿಗೆ ಸೇರಿಸಿದ್ದೆ. ಅಕ್ಷರ ಬಾರದ ಅಪ್ಪನಿಗೂ ಮಗಳ ಅಂಕ ನೋಡುವ ಹಕ್ಕಿದೆ ಎಂದು ನಂಬಿದವಳು ನಾನು. ನನಗೇ ಈಗ ಆ ಹಕ್ಕಿಲ್ಲ ಎಂದರೆ ಹೇಗೆ ಒಪ್ಪಲಿ?

ಇನ್ನೊಂದು ಮಾತು. ಸೇರುವಾಗ ನಮ್ಮ ಸಹಿ ಬೇಕಾಗಿತ್ತು. ಕಾಲೇಜಿನ ಪಾಠದಲ್ಲಿ ದೊಡ್ಡವರ ವಿಷಯಗಳೂ ಬರಬಹುದು, ಹೈಸ್ಕೂಲಿನ ಹುಡುಗ ಕುಳಿತಿದ್ದಾನೆಂದು ಅದನ್ನು ಬದಲಿಸುವುದಿಲ್ಲ ಎಂಬ ಒಪ್ಪಿಗೆ ಪತ್ರಕ್ಕೆ ಮಗನ ಜೊತೆ ಮನೆಯವರೂ ಸಹಿ ಹಾಕಿದ್ದಾರೆ. ಒಳಗೆ ಹೋಗಲು ನಮ್ಮ ಸಹಿ ಬೇಕು, ಒಳಗೆ ಹೋದ ಮೇಲೆ ನಾವು ಹೊರಗಿನವರು.

ಮನೆಯವರ ಬಳಿ ಅವನ ಕಾಲೇಜು ಖಾತೆಯ ಪಾಸ್‌ವರ್ಡ್ ಇದೆ. ನೋಂದಣಿ ಮಾಡುವಾಗ ಇಬ್ಬರೂ ಕೂತು ಮಾಡಿದ್ದು. “ಭಾನುವಾರ ತೆಗೆದು ನೋಡಿ ಹೇಳುತ್ತೇನೆ ಬಿಡು” ಎನ್ನುತ್ತಿದ್ದಾರೆ. ನನ್ನ ಮನಸ್ಸು ಅರ್ಧ ಹೂಂ ಅನ್ನುತ್ತಿದೆ, ಅರ್ಧ ಬೇಡ ಅನ್ನುತ್ತಿದೆ. ಕಾಲೇಜಿನವರು ಹೇಳಿದ್ದು ನಿಜವಾಗಿಯೂ ಕಾನೂನೇ? ಬೇರೆ ದಾರಿ ಇದೆಯೇ? ಆ ಖಾತೆಯನ್ನು ತೆರೆದು ನೋಡಬಹುದೇ? ಅನುಭವ ಇದ್ದವರು ಹೇಳಿ.

ತುರುವನೂರು ರಸ್ತೆ

ಅಕ್ಕ, ನಾನು ಚಿತ್ರದುರ್ಗದವಳು, ಅಮೆರಿಕಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ನನ್ನ ದೊಡ್ಡ ಮಗಳು ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಮೂರು ವಿಷಯ ಮುಗಿಸಿದಳು. ನಿಮಗೆ ಬಂದ ಉತ್ತರ ನನಗೂ ಬಂದಿದೆ. ನಾನು ಇಮೇಲ್ ಬರೆಯಲಿಲ್ಲ, ನೇರವಾಗಿ ಕೌಂಟರಿಗೇ ಹೋದೆ. ಅಲ್ಲಿದ್ದ ಹುಡುಗಿ ನಗುನಗುತ್ತಾ “ನಿಮ್ಮ ಮಗಳು ಜೊತೆಗೆ ಬಂದಿದ್ದಾಳೆಯೇ?” ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ಏನೂ ಹೇಳಲಾಗುವುದಿಲ್ಲ ಎಂದಳು. ಕಾರಿನಲ್ಲಿ ಕುಳಿತು ಅತ್ತುಬಿಟ್ಟೆ.

ಕಾನೂನು ನಿಜ. ಫ್ಯಾಮಿಲಿ ಎಜುಕೇಷನಲ್ ರೈಟ್ಸ್ ಆ್ಯಂಡ್ ಪ್ರೈವಸಿ ಆ್ಯಕ್ಟ್ ಎಂದು, 1974ರದು. ಇಲ್ಲಿ ಎಲ್ಲರೂ ‘ಫರ್ಪಾ’ ಎನ್ನುತ್ತಾರೆ. ಶಾಲೆಯ ದಾಖಲೆ ನೋಡುವ ಹಕ್ಕು ಮೊದಲು ತಂದೆತಾಯಿಯದೇ. ಮಗುವಿಗೆ ಹದಿನೆಂಟು ತುಂಬಿದಾಗ ಅದು ಮಗುವಿಗೆ ಹೋಗುತ್ತದೆ. ಹದಿನೆಂಟಕ್ಕೆ ಮೊದಲೇ ಕಾಲೇಜು ಸೇರಿದರೆ, ಆ ಕಾಲೇಜಿನ ದಾಖಲೆಯ ಮಟ್ಟಿಗೆ ಆಗಲೇ ಹೋಗುತ್ತದೆ, ವಯಸ್ಸು ಎಷ್ಟೇ ಇರಲಿ. ನಿಮ್ಮ ಮಗನಿಗೆ ಹದಿನಾರೇ ಆದರೂ ಕಾಲೇಜಿನ ಲೆಕ್ಕದಲ್ಲಿ ಅವನೇ ಯಜಮಾನ.

ಆದರೆ ನೀವು ತಟ್ಟಿದ್ದು ತಪ್ಪು ಬಾಗಿಲು ಅಕ್ಕ. ಹೈಸ್ಕೂಲಿನ ದಾಖಲೆಯ ಮೇಲೆ ನಿಮ್ಮ ಹಕ್ಕು ಹಾಗೆಯೇ ಇದೆ, ಅವನಿಗೆ ಹದಿನೆಂಟು ಆಗುವವರೆಗೂ ಇರುತ್ತದೆ. ಎರಡೂ ಕಡೆ ಓದುವ ಮಕ್ಕಳ ಮಾಹಿತಿಯನ್ನು ಕಾಲೇಜು ಮತ್ತು ಹೈಸ್ಕೂಲು ತಮ್ಮತಮ್ಮಲ್ಲಿ ಹಂಚಿಕೊಳ್ಳಬಹುದು. ಕಾಲೇಜು ಹೈಸ್ಕೂಲಿಗೆ ಕಳುಹಿಸಿದ ಅಂಕ ಹೈಸ್ಕೂಲಿನ ದಾಖಲೆಯಾಗುತ್ತದೆ, ಅದನ್ನು ನೀವು ಕೇಳಿ ನೋಡಬಹುದು. ನೀವು ದಾವಣಗೆರೆಯಲ್ಲಿದ್ದೀರಿ ಎಂಬುದು ಅಡ್ಡಿಯಲ್ಲ. ಅಪ್ಪನಿಗಿರುವ ಹಕ್ಕೇ ಅಮ್ಮನಿಗೂ ಇದೆ. ಅವನ ಶಾಲೆಯ ಕೌನ್ಸೆಲರ್‌ಗೆ ಬರೆಯಿರಿ. ಒಂದು ತೊಂದರೆ: ನಮ್ಮ ಮಗಳ ಶಾಲೆಗೆ ಕಾಲೇಜಿನ ಅಂಕ ಬರುತ್ತಿದ್ದುದು ಸೆಮಿಸ್ಟರ್ ಮುಗಿದ ಮೇಲೆ. ನಡುವಿನ ಕಿರುಪರೀಕ್ಷೆಯ ಅಂಕ ಅವರಿಗೂ ಗೊತ್ತಿರಲಿಲ್ಲ.

ಇನ್ನೊಂದು ದಾರಿ, ಆದಾಯ ತೆರಿಗೆಯ ವಿವರದಲ್ಲಿ ನಿಮ್ಮ ಮನೆಯವರು ಮಗನನ್ನು ಅವಲಂಬಿತ ಎಂದು ತೋರಿಸಿದ್ದರೆ, ಅವನ ಒಪ್ಪಿಗೆ ಇಲ್ಲದೆಯೂ ಕಾಲೇಜು ತಂದೆತಾಯಿಗೆ ಹೇಳಬಹುದು. ‘ಹೇಳಬಹುದು’ ಅಷ್ಟೇ, ಹೇಳಲೇಬೇಕು ಎಂದಿಲ್ಲ. ಎಷ್ಟೋ ಕಾಲೇಜುಗಳು ಹೇಳದಿರುವುದನ್ನೇ ನಿಯಮ ಮಾಡಿಕೊಂಡಿವೆ. ಮಗುವಿನ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಎಂಬಂತಹ ಸಂದರ್ಭದಲ್ಲೂ ಯಾವ ಒಪ್ಪಿಗೆಗೂ ಕಾಯದೆ ತಿಳಿಸಲು ಕಾನೂನಿನಲ್ಲೇ ಅವಕಾಶವಿದೆ.

ಎಲ್ಲಕ್ಕಿಂತ ನೇರವಾದದ್ದು ಅವನ ಒಪ್ಪಿಗೆ ಪತ್ರ. ಯಾವ ದಾಖಲೆ, ಯಾವ ಉದ್ದೇಶಕ್ಕೆ, ಯಾರಿಗೆ ಎಂಬ ಮೂರನ್ನೂ ಬರೆದು ಅವನು ಸಹಿ ಮಾಡಿ ದಿನಾಂಕ ಹಾಕಬೇಕು. ಕಾಲೇಜಿನಲ್ಲಿ ಅದಕ್ಕೆ ನಮೂನೆ ಇರುತ್ತದೆ. ಆದರೆ ಅದನ್ನು ಅವನು ಮನಸ್ಸು ಮಾಡಿ ಕೊಡಬೇಕು.

ಪಿಯು ಉಪನ್ಯಾಸಕ, ದಾವಣಗೆರೆ

ಮೇಡಂ, ಮೇಲಿನ ಸಹೋದರಿ ಕಾನೂನನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ನಾನು ನಿಮ್ಮ ಕಡೆಯೇ. ಹದಿನಾರು ವರ್ಷದವರನ್ನು ದಿನವೂ ಎದುರಿಗೆ ಕೂರಿಸಿಕೊಂಡು ಪಾಠ ಮಾಡುವವನು ನಾನು. ಅವರಿಗೆ ಎಲ್ಲವನ್ನೂ ತಾವೇ ನಿಭಾಯಿಸುತ್ತೇವೆ ಎಂಬ ಧೈರ್ಯ ಇರುತ್ತದೆ, ಜಾರಿದಾಗ ಯಾರಿಗೆ ಹೇಳಬೇಕು ಎಂಬುದು ತಿಳಿದಿರುವುದಿಲ್ಲ.

ಕೆಲವು ವರ್ಷದ ಹಿಂದಿನ ಮಾತು. ಜಗಳೂರು ಕಡೆಯ ಹಳ್ಳಿಯಿಂದ ಒಬ್ಬ ರೈತರು ಫೆಬ್ರವರಿಯಲ್ಲಿ ಮಗನಿಗೆಂದು ಶೇಂಗಾ ಚೀಲ ಹೊತ್ತುಕೊಂಡು ಬಂದರು. ಹುಡುಗ ನವೆಂಬರಿನಿಂದ ತರಗತಿಗೆ ಬಂದಿರಲಿಲ್ಲ. ಶೇಕಡಾ 75 ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ ಎಂಬುದು ನಿಮಗೂ ಗೊತ್ತು. ಹಾಸ್ಟೆಲಿನವರು ಕಾಲೇಜಿನಿಂದ ತಿಳಿಸುತ್ತಾರೆ ಎಂದುಕೊಂಡಿದ್ದರು, ಕಾಲೇಜಿನವರು ಹಾಸ್ಟೆಲಿನಿಂದ ತಿಳಿಸಿರಬೇಕು ಎಂದುಕೊಂಡಿದ್ದರು. ಆ ಮನುಷ್ಯ ನಮ್ಮನ್ನು ಬೈಯಲಿಲ್ಲ. “ಒಂದು ಫೋನ್ ಮಾಡಿದ್ದರೆ ರಾತ್ರಿ ಬಸ್ಸಿಗೇ ಬರುತ್ತಿದ್ದೆ ಸರ್” ಎಂದಷ್ಟೇ ಹೇಳಿ, ಚೀಲವನ್ನು ಸಿಬ್ಬಂದಿ ಕೊಠಡಿಯ ಮೂಲೆಯಲ್ಲಿಟ್ಟು ಮಗನನ್ನು ಹುಡುಕಲು ಹೋದರು. ಅಂದಿನಿಂದ ನನ್ನ ತರಗತಿಯಲ್ಲಿ ಸತತವಾಗಿ ಮೂರು ದಿನ ಯಾರು ಬಾರದಿದ್ದರೂ ಮನೆಗೆ ನಾನೇ ಫೋನ್ ಮಾಡುತ್ತೇನೆ.

ನಮ್ಮಲ್ಲಿ ಖಾಸಗಿತನವೇ ಇಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. ಅದು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ, ಅವರ ಪರವಾಗಿ ಒಪ್ಪಿಗೆ ಕೊಡಬೇಕಾದವರು ತಂದೆತಾಯಿ. ಅಮೆರಿಕದಲ್ಲಿ ಕಾಲೇಜಿನ ಬಾಗಿಲು ದಾಟಿದ್ದೇ ಗಡಿ, ನಮ್ಮಲ್ಲಿ ವಯಸ್ಸೇ ಗಡಿ. ನನಗೆ ನಮ್ಮದೇ ಸರಿ ಎನ್ನಿಸುತ್ತದೆ. ಮನೆಯವರು ಭಾನುವಾರ ನೋಡಲಿ ಬಿಡಿ. ನಷ್ಟವಾದ ಮೇಲೆ ತಿಳಿಯುವುದಕ್ಕಿಂತ ಅದು ಮೇಲು.

ಗಣಿತದ ಟೀಚರ್, ದಾವಣಗೆರೆ

ತುರುವನೂರು ರಸ್ತೆಯ ತಂಗಿ, ನಿಮ್ಮ ಉತ್ತರ ಓದಿ ಕೂಡಲೇ ಕೌನ್ಸೆಲರ್‌ಗೆ ಬರೆದೆ. ಸರ್, ಆ ಶೇಂಗಾ ಚೀಲ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಭಾನುವಾರಕ್ಕೆ ಇನ್ನೂ ಮೂರು ದಿನವಿದೆ.

ಬಿ.ಇ. ಎರಡನೇ ವರ್ಷ

ಮೇಡಂ, ನಾನು ಚಿತ್ರದುರ್ಗದ ಹುಡುಗಿ, ಈಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಉಪನ್ಯಾಸಕರ ಮೇಲೆ ಗೌರವವಿದೆ. ಆದರೆ ದಯವಿಟ್ಟು ಆ ಖಾತೆಯನ್ನು ತೆರೆಸಬೇಡಿ. ಆ ಕಡೆ ಕುಳಿತಿದ್ದವಳು ನಾನು, ಅದು ಹೇಗಿರುತ್ತದೆ ಎಂದು ಹೇಳುತ್ತೇನೆ.

ಪಿಯುಸಿಯಲ್ಲಿ ನೀಟ್ ಕೋಚಿಂಗಿಗೆ ಸೇರಿಸಿದ್ದರು. ಪ್ರತಿ ಭಾನುವಾರ ಪರೀಕ್ಷೆ, ರಾತ್ರಿ ಒಂಬತ್ತಕ್ಕೆ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಎಲ್ಲರ ಹೆಸರು ಮತ್ತು ಅಂಕ. ನನ್ನೊಬ್ಬಳದಲ್ಲ, ಎಲ್ಲರದ್ದೂ, ಮೇಲಿನಿಂದ ಕೆಳಕ್ಕೆ ಸಾಲಾಗಿ. ಅಪ್ಪನದು ಕಿರಾಣಿ ಅಂಗಡಿ. ಒಂದು ಭಾನುವಾರ ಭೌತಶಾಸ್ತ್ರದಲ್ಲಿ 180ಕ್ಕೆ 31 ಬಂತು. ಅಪ್ಪ ಅಂಗಡಿ ಮುಚ್ಚುವ ಹೊತ್ತಿಗೆ ಅದನ್ನು ಓದಿದರು, ಕಟ್ಟೆಯ ಮೇಲೆ ಕುಳಿತಿದ್ದವರಲ್ಲಿ ಇಬ್ಬರ ಮಕ್ಕಳೂ ಅದೇ ಕೋಚಿಂಗಿನಲ್ಲಿದ್ದರು. ಸೋಮವಾರ ಬೆಳಿಗ್ಗೆ ಹಾಲು ತರಲು ಹೋದರೆ ಹಾಲಿನವರೇ “ಯಾಕಮ್ಮ, ಈ ಸಲ ಕಡಿಮೆಯಾಯಿತಂತೆ” ಎಂದರು.

ನನ್ನ ಇಮೇಲ್ ಪಾಸ್‌ವರ್ಡ್ ಅಪ್ಪನ ಬಳಿ ಇತ್ತು. ಒಮ್ಮೆ ಗೆಳತಿ ಬರೆದ ಪತ್ರವನ್ನೂ ಓದಿದ್ದರು. ಓದಿ ಏನೂ ಅನ್ನಲಿಲ್ಲ, ಆದರೆ ಅವಳ ಮನೆಯ ವಿಷಯ ಅವರಿಗೆ ಗೊತ್ತಾಗಿದೆ ಎಂಬುದು ಅವರ ಒಂದು ಮಾತಿನಿಂದ ನನಗೆ ತಿಳಿಯಿತು. ಅವತ್ತೇ ಬೇರೊಂದು ಖಾತೆ ತೆರೆದೆ. ಅಲ್ಲಿಂದ ಮುಂದೆ ಅಪ್ಪ ಹಳೆಯ ಖಾತೆಯನ್ನು ನೋಡುತ್ತಲೇ ಇದ್ದರು, ಅದರಲ್ಲಿ ನಾನು ಇರಲಿಲ್ಲ. ಪಿಯುಸಿ ಎರಡನೇ ವರ್ಷ ನನಗೆ ರಾತ್ರಿ ನಿದ್ದೆಯೇ ಬಾರದ ಎರಡು ತಿಂಗಳು ಇದ್ದವು. ಅದನ್ನು ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಅಮ್ಮ ಓದಿದ್ದು ಏಳನೇ ತರಗತಿ. ಅವಳು ಅಂಕ ಕೇಳುತ್ತಿರಲಿಲ್ಲ. ಕಾಳು ಆರಿಸುತ್ತಾ ಕೂತು “ಇವತ್ತು ಮಾಡಿದ ಒಂದು ಲೆಕ್ಕ ನನಗೆ ತಿಳಿಯುವ ಹಾಗೆ ಹೇಳು” ಎನ್ನುತ್ತಿದ್ದಳು. ನಾನು ಎಲ್ಲಿ ತಡವರಿಸುತ್ತೇನೋ ಅಲ್ಲಿ ಅವಳ ಕೈ ಮೊರದ ಮೇಲೆ ನಿಲ್ಲುತ್ತಿತ್ತು. ಭೌತಶಾಸ್ತ್ರ ನನಗೆ ಒಗ್ಗುತ್ತಿಲ್ಲ ಎಂದು ಮೊದಲು ಗೊತ್ತಾದದ್ದು ಅವಳಿಗೆ, ವಾಟ್ಸ್ಆ್ಯಪ್ ಗುಂಪಿಗಿಂತ ಮೊದಲು.

ನೀವು ಗಣಿತದ ಟೀಚರ್. ಅವನು ಕ್ಯಾಲ್ಕುಲಸ್ ಓದುತ್ತಿದ್ದಾನೆ. ಒಂದು ಲೆಕ್ಕ ಕೇಳಿ ನೋಡಿ.

ತುರುವನೂರು ರಸ್ತೆ

ಈ ಮಗು ಹೇಳಿದ್ದು ಸರಿ. ಪಾಸ್‌ವರ್ಡ್ ವಿಷಯದಲ್ಲಿ ಇನ್ನೊಂದು ಮಾತು ಸೇರಿಸುತ್ತೇನೆ. ಕಾಲೇಜಿನ ಖಾತೆಯಲ್ಲಿ ಅಂಕ ಮಾತ್ರ ಇರುವುದಿಲ್ಲ ಅಕ್ಕ. ಪ್ರಾಧ್ಯಾಪಕರಿಗೆ ಅವನು ಬರೆದ ಪತ್ರ, ಅವರು ಕೊಟ್ಟ ಉತ್ತರ, ಸಹಪಾಠಿಗಳ ಜೊತೆಗಿನ ಚರ್ಚೆ, ಎಲ್ಲ ಅಲ್ಲೇ ಇರುತ್ತದೆ. ಪಾಸ್‌ವರ್ಡನ್ನು ಬೇರೆಯವರಿಗೆ ಕೊಡಬಾರದು ಎಂದು ಬಹುತೇಕ ಕಾಲೇಜುಗಳ ನಿಯಮವೂ ಇದೆ, ತೊಂದರೆಯಾದರೆ ಸಿಕ್ಕಿಬೀಳುವವನು ಹುಡುಗ.

ಗಣಿತದ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ, ಅತ್ತೆಗೆ ಜ್ವರ ಬಂದು ಆಸ್ಪತ್ರೆಯ ಓಡಾಟವಿತ್ತು.

ಶನಿವಾರ ಮನೆಯವರಿಗೆ ಖಾತೆ ತೆರೆಯಬೇಡಿ ಎಂದು ಹೇಳಿದೆ. ಬಿ.ಇ. ಓದುತ್ತಿರುವ ಮಗಳು ಬರೆದದ್ದನ್ನು ಅವರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಹಾಲಿನವರ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ.

ಭಾನುವಾರ ಬೆಳಿಗ್ಗೆ ಮಗನಿಗೆ ಕರೆ ಮಾಡಿ ಒಂದು ಲೆಕ್ಕ ಹೇಳಿಕೊಡು ಎಂದೆ. ನನಗೆ ಆಶ್ಚರ್ಯವಾಗುವಷ್ಟು ಚೆನ್ನಾಗಿ ಹೇಳಿದ. ಏಣಿಯೊಂದು ಗೋಡೆಯಿಂದ ಜಾರುತ್ತಿದ್ದರೆ ಅದರ ಮೇಲಿನ ತುದಿ ಎಷ್ಟು ವೇಗದಲ್ಲಿ ಇಳಿಯುತ್ತದೆ ಎಂಬ ಲೆಕ್ಕ. ಹೇಳುತ್ತಾ ಹೇಳುತ್ತಾ ಮೊಬೈಲನ್ನು ಎದುರಿಗೆ ತಂದು ಕಾಗದ ತೋರಿಸಿದ. ಎಷ್ಟೋ ದಿನದ ಮೇಲೆ ಅವನ ಮುಖ ಪೂರ್ತಿ ಕಂಡಿತು. ಕ್ಯಾಲ್ಕುಲಸ್ ಕಷ್ಟವಲ್ಲ ಎಂದು ಅಲ್ಲಿಗೆ ಗೊತ್ತಾಯಿತು. ಆಮೇಲೆ ನಾನೇ ಹೇಳಿದೆ, ನಿನಗೆ ತಿಳಿಸದೆ ನಿನ್ನ ಕಾಲೇಜಿಗೆ ಬರೆದಿದ್ದೆ, ತಪ್ಪಾಯಿತು ಎಂದು. “ಗೊತ್ತು ಅಮ್ಮ, ಅವರು ನನಗೂ ತಿಳಿಸಿದರು” ಎಂದ. ಎರಡು ವಾರದಿಂದ ಗೊತ್ತಿತ್ತು ಅವನಿಗೆ. ನಾನು ಬಾಯಿಬಿಡಲಿ ಎಂದು ಕಾದಿದ್ದ.

ಕಷ್ಟ ಇದ್ದದ್ದು ಇಂಗ್ಲಿಷಿನಲ್ಲಿ. ಮೊದಲ ಪ್ರಬಂಧಕ್ಕೆ ಡಿ ಬಂದಿದೆ. ನಾವು ಎಂಟನೇ ತರಗತಿಯವರೆಗೆ ಕಲಿಸಿದ ಹಾಗೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಭಾಗ ಮಾಡಿ, ನಡುನಡುವೆ ದೊಡ್ಡವರ ಮಾತುಗಳನ್ನು ಸೇರಿಸಿ ಬರೆದಿದ್ದಾನೆ. ಆ ಮಾತುಗಳನ್ನು ಎಲ್ಲಿಂದ ತೆಗೆದುಕೊಂಡೆ ಎಂದು ಕೆಳಗೆ ನಮೂದಿಸಿಲ್ಲ. ಅಂಚಿನಲ್ಲಿ ಪ್ರಾಧ್ಯಾಪಕರು ಬರೆದಿದ್ದಾರಂತೆ, ಇದರಲ್ಲಿ ಎಲ್ಲರೂ ಮಾತನಾಡಿದ್ದಾರೆ, ನೀನು ಎಲ್ಲಿ ಎಂದು. ನಮ್ಮ ಶಾಲೆಯಲ್ಲಿ ಅದೇ ಪ್ರಬಂಧಕ್ಕೆ ಹತ್ತಕ್ಕೆ ಒಂಬತ್ತು ಸಿಗುತ್ತಿತ್ತು, ನನಗೆ ಗೊತ್ತು. ಇದನ್ನು ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ. “ಕಡಿಮೆ ಬಂತು ಎಂದರೆ ದಾವಣಗೆರೆಗೆ ವಾಪಸ್ ಕರೆಸಿಕೊಳ್ಳುತ್ತೀಯ ಅಂದುಕೊಂಡೆ” ಎಂದ. ಹೋಗುವಾಗ ರೈಲ್ವೆ ನಿಲ್ದಾಣದಲ್ಲಿ ಅಳುತ್ತಾ ನಾನೇ ಹಾಗೆ ಹೇಳಿದ್ದೆ, ಓದು ಸರಿಹೋಗದಿದ್ದರೆ ಬಂದುಬಿಡು ಎಂದು. ನಾನು ಹೇಳಿದ್ದು ಸಮಾಧಾನಕ್ಕೆ. ಅವನು ಅದನ್ನು ಷರತ್ತು ಎಂದು ಕೇಳಿಸಿಕೊಂಡಿದ್ದ.

ಕೌನ್ಸೆಲರ್ ಒಳ್ಳೆಯ ಉತ್ತರ ಕೊಟ್ಟರು. ಸೆಮಿಸ್ಟರಿನ ಕೊನೆಯ ಅಂಕ ಬಂದ ಕೂಡಲೇ ನನಗೂ ಕಳುಹಿಸುತ್ತೇವೆ ಎಂದಿದ್ದಾರೆ. ಮೊದಲ ಹದಿನಾಲ್ಕು ದಿನದೊಳಗಾಗಿದ್ದರೆ ವಿಷಯವನ್ನು ಸುಮ್ಮನೆ ಬಿಡಬಹುದಿತ್ತು, ಈಗ ಬಿಟ್ಟರೆ ದಾಖಲೆಯಲ್ಲಿ ಗುರುತು ಉಳಿಯುತ್ತದೆ, ಹಣದ ಪ್ರಶ್ನೆಯೂ ಬರಬಹುದು, ಆದ್ದರಿಂದ ಮೂವರೂ ಸೇರಿ ಯೋಚಿಸಿ ಎಂದಿದ್ದಾರೆ. ಬಿಡುವುದಿಲ್ಲ ಎಂದು ಮಗನೇ ತೀರ್ಮಾನಿಸಿದ. ಕಾಲೇಜಿನಲ್ಲಿ ಬರವಣಿಗೆಗೆ ಸಹಾಯ ಮಾಡುವ ಉಚಿತ ಕೇಂದ್ರವಿದೆ, ವಾರಕ್ಕೆ ಎರಡು ದಿನ ಹೋಗುತ್ತಿದ್ದಾನೆ.

ಉಪನ್ಯಾಸಕರೇ, ನಿಮ್ಮ ಮೂರು ದಿನದ ಫೋನನ್ನು ನಾನೂ ನಮ್ಮ ಶಾಲೆಯಲ್ಲಿ ಶುರು ಮಾಡಿದ್ದೇನೆ. ಆದರೆ ತರಗತಿಯಲ್ಲಿ ಅಂಕಗಳನ್ನು ಜೋರಾಗಿ ಓದುವುದನ್ನು ನಿಲ್ಲಿಸಿದ್ದೇನೆ. ಉತ್ತರ ಪತ್ರಿಕೆಯನ್ನು ಮಡಚಿ ಒಬ್ಬೊಬ್ಬರ ಕೈಗೆ ಕೊಡುತ್ತಿದ್ದೇನೆ.

ನಿನ್ನೆ ಮಗ ಕೇಳದೆಯೇ ಒಪ್ಪಿಗೆ ಪತ್ರದ ಫೋಟೋ ಕಳುಹಿಸಿದ. ಅಂಕ, ಹಾಜರಾತಿ, ಶುಲ್ಕ, ಪ್ರಾಧ್ಯಾಪಕರ ಜೊತೆ ಮಾತುಕತೆ ಎಂದು ನಾಲ್ಕು ಚೌಕಗಳಿವೆ. ಮೂರಕ್ಕೆ ಗುರುತು ಹಾಕಿದ್ದಾನೆ, ನಾಲ್ಕನೆಯದು ಖಾಲಿ. ಯಾರಿಗೆ ಎಂಬಲ್ಲಿ ನನ್ನ ಹೆಸರು. ಉದ್ದೇಶ ಎಂಬಲ್ಲಿ ಇಂಗ್ಲಿಷಿನಲ್ಲಿ ‘ಅಮ್ಮ ದೂರದಲ್ಲಿದ್ದಾರೆ’ ಎಂದು ಬರೆದಿದ್ದಾನೆ. ನಾಲ್ಕನೆಯ ಚೌಕದ ಬಗ್ಗೆ ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ತುರುವನೂರು ರಸ್ತೆಯ ತಂಗಿ, ಉದ್ದೇಶ ಎಂದು ಅಷ್ಟು ಬರೆದರೆ ಸಾಕೇ, ಅಥವಾ ವಾಪಸ್ ಕಳುಹಿಸುತ್ತಾರೆಯೇ?

ತುರುವನೂರು ರಸ್ತೆ

ಸಾಕು ಅಕ್ಕ. ನನ್ನ ಮಗಳು ‘ಮನೆಯವರಿಗೆ ತಿಳಿಸಲು’ ಎಂದಷ್ಟೇ ಬರೆದಿದ್ದಳು, ತೆಗೆದುಕೊಂಡರು. ಸಹಿಯ ಪಕ್ಕದಲ್ಲಿ ದಿನಾಂಕ ಹಾಕಿದ್ದಾನೆಯೇ ನೋಡಿ. ಅದನ್ನು ಮರೆತಿದ್ದಕ್ಕೆ ನಮ್ಮದು ಒಂದು ಸಲ ವಾಪಸ್ ಬಂದಿತ್ತು.